ಹೆಣ್ಣುಮಗಳ ಮನಿ ಯಾವುದು?

ನಮ್ಮ ವಾಚನಾಲಯದ ಗುರುಗಳು ಈ ಸಲದ ಪುಸ್ತಕಕ್ಕೆ ನೀನೂ ಒಂದು ಇತಿಹಾಸದ ಲೇಖನ ಬರೆದು ಕೊಡು ಅಂದರು. ನಾನು ಓದಿದ್ದು ಏಳನೆಯ ಇಯತ್ತೆ. ಒಕ್ಕಲುತನ ಮಾಡುವವ. ಕಣದಾಗ ಹಂತಿ ಪದ, ಗುಡಿಯೊಳಗ ಭಜನಿ ಪದ ಹಾಡುವವ. ಅಕ್ಕಲಕೋಟ ಸಂಸ್ಥಾನದ ರಾಜರ ಇತಿಹಾಸ ಬರೆಯಲು ತಿಳಿದವರು ಬೇರೆ ಇದ್ದಾರೆ. ನಾನು ಮನಿಯ ಇತಿಹಾಸ ಬರೆಯುತ್ತೇನೆ. ನಮ್ಮ ಕಡೆ ಮನಿ ಯಾರ ಹೆಸರಲ್ಲಿ ಇರುತ್ತಿತ್ತು, ಯಾರು ಅದರೊಳಗಿಂದ ಹೊರಬಿದ್ದರು, ಹೊರಬಿದ್ದವರು ಎಲ್ಲಿ ಮಲಗಿದರು ಅನ್ನೋ ಇತಿಹಾಸ.

ಇದು ನನ್ನ ತಲ್ಯಾಗ ಹೊಕ್ಕಿದ್ದು ಹೋದ ವರ್ಷ ನಾಗರಪಂಚಮಿಗೆ. ಶಾಲೆಯ ಅಂಗಳದಾಗ ನಮ್ಮ ಮೇಳದ ಹಾಡು ಇಟ್ಟಿದ್ದರು. ತವರಮನಿಯ ಪದ ಒಂದಾದ ಮೇಲೊಂದು ಹಾಡಿದಿವಿ. ಮುಗಿದ ಮೇಲೆ ಶಾಲೆಯ ಬಾಯಿಯವರು ಬಂದು ಕೇಳಿದರು: "ಕಾಕಾ, ನಿಮ್ಮ ಪದದಾಗ ತವರಮನಿ ಅದ, ಗಂಡನ ಮನಿ ಅದ. ಆಕೀ ಮನಿ ಯಾವ ಪದದಾಗ ಅದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನನಗೆ ಬರುವ ಪದ ಎಲ್ಲಾ ಮನಸಿನಾಗ ಒಂದೊಂದಾಗಿ ತಿರುವಿ ಹಾಕಿದೆ. ಮಗಳು ಪಂಚಮಿಗೆ ಅಣ್ಣ ಕರೆಯಾಕ ಬರಲಿ ಅಂತ ಕಾಯುತ್ತಾಳೆ. ಸೀರಿ ಕೇಳುತ್ತಾಳೆ, ಕುಪ್ಪಸ ಕೇಳುತ್ತಾಳೆ. ತವರಿನ ಬಳ್ಳಿ ಹಬ್ಬಲಿ ಅಂತ ಹರಸಿ ಹೋಗುತ್ತಾಳೆ. ತವರಿನಾಗ ನನಗೊಂದು ಖೋಲಿ ಇರಲಿ ಅಂತ ಕೇಳಿದ ಪದ ನನಗೆ ಒಂದೂ ಬರುವುದಿಲ್ಲ. ಬೀಸುಕಲ್ಲಿನ ಮುಂದೆ ಕುಳಿತು ಪದ ಕಟ್ಟಿದವರು ಹೆಂಗಸರೇ. ಕೇಳಿದರೂ ಸಿಗೋದಿಲ್ಲ ಅಂತ ಗೊತ್ತಿದ್ದದ್ದನ್ನು ಅವರು ಪದದಾಗೂ ಕೇಳಲಿಲ್ಲ ಅಂತ ಕಾಣುತ್ತದೆ.

ಮೊದಲು ನಮ್ಮ ಮನಿಯ ಮಾತೇ ಹೇಳುತ್ತೇನೆ. ನಮ್ಮ ಅಪ್ಪನ ಅಕ್ಕ, ನಮಗೆ ಸೋದರತ್ತಿ. ಸಣ್ಣ ವಯಸ್ಸಿನಾಗ ಲಗ್ನ ಆಗಿತ್ತು. ಮಕ್ಕಳಾಗಲಿಲ್ಲ ಅಂತ ಗಂಡ ಇನ್ನೊಂದು ಲಗ್ನ ಮಾಡಿಕೊಂಡು ಇವಳನ್ನು ಬಿಟ್ಟ. ತವರಿಗೆ ಬಂದಳು. ನಮ್ಮ ಅಜ್ಜ ಇರುವ ತನಕ ಪಡಸಾಲ್ಯಾಗ ಮಲಗುತ್ತಿದ್ದಳು. ಅಜ್ಜ ತೀರಿದ ಮೇಲೆ ದನದ ಕೊಟ್ಟಿಗೆಗೆ ಹೋದಳು. ಸುಗ್ಗಿ ಕಾಲಕ್ಕೆ ಕೊಟ್ಟಿಗೆಯೊಳಗೆ ಕಣಿಕೆ ತುಂಬಿದರೆ ಹನುಮಪ್ಪನ ಗುಡಿಯ ಪೌಳಿ. ಆಕಿಗೆ ಊಟಕ್ಕೆ ಎಂದೂ ಕಡಿಮೆ ಮಾಡಲಿಲ್ಲ ಅಂತ ನಮ್ಮ ಅಪ್ಪ ಹೇಳುತ್ತಿದ್ದ. ಅದು ಖರೇ. ಆದರೆ ಆಕಿ ಹಾಸಿಗಿ ಎಲ್ಲಿ ಹಾಸಬೇಕು ಅನ್ನೋದನ್ನು ಪ್ರತಿ ವರ್ಷ ಬ್ಯಾರೆಯವರು ಠರಾವು ಮಾಡುತ್ತಿದ್ದರು.

ಸರಕಾರದ ಲೆಕ್ಕದಾಗ ಮನಿ ಇಲ್ಲದವರು ಅಂದರೆ ರಸ್ತೆಯ ಮೇಲೆ, ಸ್ಟೇಶನ್ನಿನ ಹೊರಗೆ, ಪುಲಿನ ಕೆಳಗೆ ಮಲಗುವವರು. ನಮ್ಮ ಅತ್ತಿ ಆ ಲೆಕ್ಕದಾಗ ಎಂದೂ ಬರಲಿಲ್ಲ. ಆಕಿ ಅಣ್ಣತಮ್ಮರ ಕುಟುಂಬದ ಒಂದು ತಲಿ, ಅಷ್ಟೇ. ಇಂಥವರು ಪ್ರತಿ ಊರಾಗ ಇದ್ದರು, ಈಗಲೂ ಇದ್ದಾರೆ. ಮರಾಠಿಯಲ್ಲಿ ಇಂಥವರಿಗೆ ಪರಿತ್ಯಕ್ತಾ ಅನ್ನುತ್ತಾರೆ. ನಮ್ಮ ಮಂದಿ ಬಿಟ್ಟಾಕಿ ಅನ್ನುತ್ತಾರೆ. ಬಿಟ್ಟವನಿಗೆ ಮಾತ್ರ ನಮ್ಮ ಭಾಷೆಯಾಗ ಹೆಸರಿಲ್ಲ.

1956ರ ವರ್ಷ ನಮ್ಮ ಗಡಿನಾಡಿನ ಮಂದಿಗೆ ಮರೆಯುವಂಥದ್ದಲ್ಲ. ಆ ವರ್ಷ ನವೆಂಬರ್ 1ಕ್ಕೆ ಭಾಷೆಯ ಲೆಕ್ಕದಿಂದ ರಾಜ್ಯಗಳು ಆದವು. ನಾವು ಮುಂಬಯಿ ರಾಜ್ಯದಾಗ ಉಳಿದಿವಿ, 1960ರ ಮೇ 1ಕ್ಕೆ ಮಹಾರಾಷ್ಟ್ರದವರಾದಿವಿ. ಅದೇ 1956ರಲ್ಲಿ ಇನ್ನೊಂದು ದೊಡ್ಡ ಕೆಲಸ ಆಗಿತ್ತು, ಅದು ಹಿಂದೂ ವಾರಸಾ ಕಾಯಿದೆ. ಅಪ್ಪ ತೀರಿಕೊಂಡರೆ ಅವನ ಸ್ವಂತ ಪಾಲಿನಲ್ಲಿ ಹೆಂಡತಿಗೂ ಮಗಳಿಗೂ ಹಕ್ಕು ಅಂತ ಅದರಲ್ಲಿ ಬಂತು. ಆದರೆ ಅದರೊಳಗೆ 23ನೆಯ ಕಲಮು ಅಂತ ಒಂದು ಇತ್ತು. ಅಪ್ಪನ ಮನ್ಯಾಗ ಕುಟುಂಬದವರು ವಾಸ ಇದ್ದರೆ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಮಗಳು ಮನಿಯ ಪಾಲು ಕೇಳುವಂತಿಲ್ಲ. ಲಗ್ನ ಆಗದವಳು, ಗಂಡ ಬಿಟ್ಟವಳು, ಗಂಡನಿಂದ ಬೇರೆ ಇದ್ದವಳು, ವಿಧವೆ ಇಷ್ಟು ಮಂದಿ ಅಲ್ಲಿ ವಾಸ ಇರಬಹುದು. ಅಂದರೆ ಇರಬಹುದು, ಮನಿ ನನ್ನದು ಅನ್ನಬಾರದು. ಈ ಕಲಮು ಸುಮಾರು ಐವತ್ತು ವರ್ಷ ಹಾಗೇ ಇತ್ತು. ಬೆಳಗಾವಿಯ ಗಡಿ, ಸೊಲ್ಲಾಪುರದ ಗಡಿ ಅಂತ ನಾವು ಕಟ್ಟಿಯ ಮೇಲೆ ಕುಳಿತು ಬಹಳ ಮಾತಾಡಿದಿವಿ. ಮನಿಯೊಳಗಿನ ಈ ಗಡಿಯ ಮಾತು ಯಾರೂ ತೆಗೆಯಲಿಲ್ಲ.

ಮುಂದೆ 1972ರ ಬರ ಬಂತು. ನಾನು ಆಗ ಸಣ್ಣ ಹುಡುಗ. ಬಾವಿ ಬತ್ತಿದವು, ದನ ಮಾರಿದಿವಿ. ಹೊರದೇಶದಿಂದ ಬಂದ ಕೆಂಪು ಮಿಲೋ ಜ್ವಾಳ ತಿಂದಿವಿ, ಕೆಲಸದ ಜಾಗದಾಗ ಕೊಡುವ ಸುಕಡಿ ತಿಂದಿವಿ. ಸರಕಾರ ಖಡಿ ಒಡೆಯುವ ಕೆಲಸ, ರಸ್ತೆ, ಕೆರೆ ಕೆಲಸ ತೆಗೆಯಿತು. ಅತ್ತಿಯೂ ಖಡಿ ಒಡೆಯಲು ಹೋದಳು. ಪಗಾರ ಆಕಿ ಕೈಯಾಗ ಬಂತು. ಮುಂದೆ ಇದೇ ಕೆಲಸದ ಪದ್ಧತಿ ರೋಜಗಾರ ಹಮಿ ಯೋಜನೆ ಅಂತ ಆಗಿ, 1977ರಲ್ಲಿ ಮಹಾರಾಷ್ಟ್ರದ ಕಾಯಿದೆ ಆಯಿತು. ಖಡಿಯ ರಾಶಿ ಹತ್ತಿರ ನಾಲ್ಕು ಕೋಲು ಹುಗಿದು, ಮ್ಯಾಲ ಕಣಿಕೆ ಹೊದಿಸಿ, ಹೆಂಗಸರು ಅಲ್ಲೇ ಇರುತ್ತಿದ್ದರು. ನಾನು ಬುತ್ತಿ ಒಯ್ದಾಗ ಅತ್ತಿ ನಗುತ್ತಾ ಹೇಳಿದ್ದು ಇನ್ನೂ ನೆನಪದ: "ಇಲ್ಲಿ ನನಗ ಯಾರೂ ಏಳು ಅನ್ನೂದಿಲ್ಲ ನೋಡಪ್ಪ." ಬರಗಾಲದ ಗುಡಿಸಲು ಆಕಿಗೆ ತನ್ನದು ಅನ್ನಿಸಿದ ಮೊದಲ ಜಾಗ. ಮಳಿ ಬಂತು, ಕೆಲಸ ನಿಂತಿತು, ಆಕಿ ತಿರುಗಿ ಕೊಟ್ಟಿಗೆಗೆ ಬಂದಳು. ಅಲ್ಲೇ ತೀರಿಕೊಂಡಳು.

ಅದೇ ಬರದಾಗ ನಮ್ಮ ಓಣಿಯ ಒಬ್ಬಾಕಿ, ನಾವು ಕಾಕು ಅನ್ನುತ್ತಿದ್ದಿವಿ, ಎರಡು ಹೆಣ್ಣುಮಕ್ಕಳನ್ನು ಕರಕೊಂಡು ಸೊಲ್ಲಾಪುರಕ್ಕೆ ಹೋದಳು. ಗಂಡ ತೀರಿದ್ದ, ಭಾವ-ಮೈದುನರು ಬಾಗಿಲು ಮುಚ್ಚಿದ್ದರು.

ಸೊಲ್ಲಾಪುರ ನಮಗೆ ಹೊರಗಿನ ಊರಲ್ಲ. ಅದು ಸಿದ್ಧರಾಮ ಶರಣರ ಸೊನ್ನಲಿಗೆ, ಅವರು ಕೆರೆ ಕಟ್ಟಿಸಿದ ಊರು. ಗಿರಣಿಗಳು ಬಂದ ಮೇಲೆ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲಾ ಮಾತಿನ ಮಂದಿ ಅಲ್ಲಿ ಕೂಡಿದರು. ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಗಂಡಸರು ಗಿರಣಿಗೆ, ಮಗ್ಗಕ್ಕೆ ಹೋದರು. ಹೆಂಗಸರು ಮನ್ಯಾಗ ಕುಳಿತು ಬೀಡಿ ಕಟ್ಟಿದರು. ಸ್ವಾತಂತ್ರ್ಯದ ಹೋರಾಟದಾಗ 1931ರ ಜನವರಿ 12ಕ್ಕೆ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಈ ನಾಲ್ವರ ಹೆಸರು ನಮ್ಮ ಮಕ್ಕಳಿಗೆ ಬರುತ್ತದೆ, ಬರಲೇಬೇಕು. ಅದೇ ಊರಾಗ ಮನಿಗಾಗಿ ವರ್ಷಗಟ್ಟಲೆ ಹೋರಾಡಿದ ಬೀಡಿ ಕಾಮಗಾರ ಹೆಂಗಸರ ಕಥೆಯೂ ಮಕ್ಕಳಿಗೆ ಬರಬೇಕು ಅಂತ ನನ್ನ ಮಾತು.

ಬೀಡಿಯ ಕೆಲಸ ಹೇಗೆ ಅಂದರೆ, ಕಾರಖಾನೆಯಿಂದ ಎಲೆ, ತಂಬಾಕು, ದಾರ ತರಬೇಕು. ಎಲೆ ನೆನೆಸಿ, ಕತ್ತರಿಸಿ, ಮರದಾಗ ತಂಬಾಕು ಇಟ್ಟುಕೊಂಡು ಸುರುಳಿ ಸುತ್ತಿ ದಾರ ಕಟ್ಟಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಕೊಟ್ಟ ಮಾಲಿನಾಗ ಸರಿಯಿಲ್ಲ ಅಂತ ಒಂದಿಷ್ಟು ತೆಗೆದು ಹಾಕುತ್ತಾರೆ, ಅದಕ್ಕೆ ಕೂಲಿ ಇಲ್ಲ. ಹತ್ತಕ್ಕೆ ಹತ್ತು ಫೂಟಿನ ಬಾಡಿಗೆ ಖೋಲಿ, ಮ್ಯಾಲ ಪತ್ರಾ. ಅದರಲ್ಲೇ ಒಲೆ, ಅದರಲ್ಲೇ ತಂಬಾಕಿನ ಧೂಳು, ಅದರಲ್ಲೇ ಕೂಸಿನ ತೊಟ್ಟಿಲು. ಈ ಹೆಂಗಸರಿಗೆ ಮನಿಯೇ ಕಾರಖಾನೆ. ಮನಿ ಬಿಡಿಸಿದರೆ ಕೆಲಸವೂ ಹೋಯಿತು ಅಂತಲೇ. ಕಾಕು ನನಗೆ ಹೇಳಿದ್ದಳು, ಸೊಲ್ಲಾಪುರದಾಗ ಆಕಿ ಎಂಟು ಸಲ ಖೋಲಿ ಬದಲಿ ಮಾಡಿದ್ದಳು. ಗಂಡಸು ಇಲ್ಲದ ಮನಿ ಅಂತ ಕೆಲವರು, ತಂಬಾಕಿನ ವಾಸನೆ ಅಂತ ಕೆಲವರು, ಬಾಡಿಗೆ ಏರಿಸಿ ಕೆಲವರು ಬಿಡಿಸಿದರು.

ಕಾಯಿದೆಗಳು ಬಂದಿದ್ದವು. 1966ರಲ್ಲಿ ಬೀಡಿ ಮತ್ತು ಸಿಗಾರ ಕಾಮಗಾರರ ಕಾಯಿದೆ ಬಂತು. ಕಾರಖಾನೆಯಲ್ಲಿ ದುಡಿಯುವವರ ಹಾಗೇ ಮನ್ಯಾಗ ಕುಳಿತು ದುಡಿಯುವವರೂ ಕಾಮಗಾರರು ಅಂತ ಅದರಿಂದ ಆಯಿತು. 1976ರಲ್ಲಿ ಬೀಡಿ ಕಾಮಗಾರರ ಕಲ್ಯಾಣ ನಿಧಿಯ ಕಾಯಿದೆ ಬಂತು. ಆಗ ಬೀಡಿಯ ಮೇಲೆ ಇದ್ದ ಸೆಸ್ಸಿನಿಂದ ದವಾಖಾನೆ, ಮಕ್ಕಳ ಶಿಷ್ಯವೇತನ, ಮನಿ ಕಟ್ಟಲು ಸಹಾಯ ಸಿಗುತ್ತಿತ್ತು. ಇದಕ್ಕೆಲ್ಲಾ ಮೊದಲು ಗುರುತಿನ ಕಾರ್ಡು ಬೇಕು. ಕಾರ್ಡು ಸಿಗಬೇಕಾದರೆ ಈಕಿ ನಮ್ಮ ಕಾಮಗಾರಳು ಅಂತ ಆಗಬೇಕು. ಅದಕ್ಕಾಗಿ ಸಂಘಟನೆ ಬೇಕಾಯಿತು. ಲಾಲ ಬಾವಟಾದ ಯುನಿಯನ್ನಿನಲ್ಲಿ ಹೆಂಗಸರು ಸೇರಿದರು. ಶಾಸಕರೂ ಆಗಿದ್ದ ನರಸಯ್ಯ ಆಡಂ ಮಾಸ್ತರರು ಮುಂದಾಳು. ಮೋರ್ಚಾ, ಧರಣಿ, ಮತ್ತೆ ಮೋರ್ಚಾ. ಹೆಂಗಸರು ತಮ್ಮದೇ ಒಂದು ಗೃಹ ನಿರ್ಮಾಣ ಸೊಸಾಯಟಿ ಮಾಡಿಕೊಂಡರು. ಕೂಲಿಯೊಳಗಿಂದ ತೆಗೆದು ತಮ್ಮ ಪಾಲಿನ ಹಣ ತುಂಬಿದರು. ಕೇಂದ್ರದ ಪಾಲು, ರಾಜ್ಯದ ಪಾಲು, ಹೆಂಗಸರ ಪಾಲು, ಹೀಗೆ ಮೂರು ಕೂಡಿ ಮನಿಗಳು ಎದ್ದವು.

ಜಾಗ ಯಾವುದು ಅಂದರೆ ನಮ್ಮದೇ ದಾರಿಯ ಕುಂಭಾರಿ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಎಸ್.ಟಿ. ಗಾಡ್ಯಾಗ ಹೋಗುವಾಗ ಸೊಲ್ಲಾಪುರಕ್ಕಿಂತ ಮೊದಲು ಬರುವ ಊರು. ಅಲ್ಲಿ ಒಂದೇ ಕಡೆ 10,000 ಮನಿಗಳು. 2006ರ ಸೆಪ್ಟೆಂಬರ್ 1ಕ್ಕೆ ಆಗಿನ ಪ್ರಧಾನಮಂತ್ರಿ ಮನಮೋಹನ ಸಿಂಗರು ಬಂದು ಮನಿಗಳನ್ನು ಹೆಂಗಸರಿಗೆ ಕೊಟ್ಟರು. ವಸಾಹತಿಗೆ ಗೋದುತಾಯಿ ಪರುಳೇಕರ ಅವರ ಹೆಸರು. ಗೋದಾವರಿ ಪರುಳೇಕರರು 1907ರಲ್ಲಿ ಪುಣೆಯಲ್ಲಿ ಹುಟ್ಟಿ, ವಕೀಲಿ ಓದಿ, ಅದನ್ನು ಬಿಟ್ಟು ಠಾಣೆ ಜಿಲ್ಲೆಯ ವಾರಲಿ ಆದಿವಾಸಿಗಳ ಜೊತೆ ನಿಂತವರು. ಜಮೀನ್ದಾರರ ಬಿಟ್ಟಿ ಚಾಕರಿ ವಿರುದ್ಧ 1945ರಲ್ಲಿ ಎದ್ದ ಹೋರಾಟದ ಮುಂದಾಳು. ಆ ಅನುಭವದ ಮೇಲೆ ಮರಾಠಿಯಲ್ಲಿ ಬರೆದ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿದೆ. 1996ರಲ್ಲಿ ತೀರಿಕೊಂಡರು, ಈ ಮನಿಗಳನ್ನು ನೋಡಲಿಲ್ಲ.

ಕಾಕುಗೆ ಅಲ್ಲಿ ಒಂದು ಮನಿ ಬಂತು. ಮುಂದಿನ ವರ್ಷ ಒಂದು ಭಜನಿಗೆ ಹೋದಾಗ ಆಕಿ ಮನಿಗೆ ಹೋಗಿದ್ದೆ. ಸಣ್ಣ ಮನಿ. ಹೊಸ್ತಿಲಿಗೆ ಅರಿಷಿಣ-ಕುಂಕುಮ ಹಚ್ಚಿದ್ದಳು. ಚಹಾ ಕೊಟ್ಟು ಹೇಳಿದಳು: "ಎಪ್ಪಾ, ಈ ಹೊಸ್ತಲ ನಂದು. ದಾಟಬೇಕಂದ್ರ ಯಾರಾದ್ರೂ ನನ್ನ ಕೇಳಬೇಕು." ಬಾಜೂ ಮನಿಯ ತೆಲುಗು ಹೆಣ್ಣುಮಗಳು ನಕ್ಕು, ನಮ್ಮ ಮನ್ಯಾಗ ಈಗ ಗಂಡ ಕುಡಿದು ಬಂದರೆ ಹೊರಗೆ ನಿಲ್ಲುವವನು ಅವನು ಅಂದಳು. ಮೊದಲು ಹೊರಗೆ ನಿಲ್ಲುತ್ತಿದ್ದವಳು ತಾನು. ಗೋಡೆ ಅವೇ ಇಟ್ಟಂಗಿ-ಸಿಮೆಂಟಿನವು. ಕಾಗದದ ಮೇಲಿನ ಹೆಸರು ಮಾತ್ರ ಬದಲಾಗಿತ್ತು.

ಎಲ್ಲಾ ಹೊನ್ನಾಯಿತು ಅಂತ ನಾನು ಹೇಳುವುದಿಲ್ಲ. ಊರ ಹೊರಗೆ ಮಾಳದಾಗ ಮನಿ. ಬೀಡಿ ಕೊಡಲು, ಮಕ್ಕಳ ಮುಂದಿನ ಶಾಲೆಗೆ, ದವಾಖಾನೆಗೆ ಸೊಲ್ಲಾಪುರಕ್ಕೆ ಹೋಗಬೇಕು. ಗಾಡಿ ಖರ್ಚು ಕೂಲಿಯೊಳಗಿಂದಲೇ. ಬ್ಯಾಸಗಿಗೆ ನೀರಿನ ತ್ರಾಸು ಆಕಿಯೇ ಹೇಳಿಕೊಂಡಿದ್ದಳು. ಬಡವರಿಗೆ ಮನಿ ಕಟ್ಟುವಾಗ ಜಾಗ ಸೋವಿ ಸಿಗುವ ಕಡೆ ಕಟ್ಟುತ್ತಾರೆ, ಕೆಲಸ ಮಾತ್ರ ಊರೊಳಗೆ ಇರುತ್ತದೆ. ಮನಿಯ ಯೋಜನೆಯಲ್ಲಿ ರಸ್ತೆ, ನೀರು, ಬಸ್ಸು, ಶಾಲೆ ಕೂಡಿಯೇ ಬರಬೇಕು.

ಆದರೂ ಆ ಹೆಂಗಸರು ಬ್ಯಾರೆಯವರಿಗೆ ದಾರಿ ಮಾಡಿದರು. ಸೊಲ್ಲಾಪುರದ ಕಾಮಗಾರ ಮುಂದಾಳು ಮೀನಾಕ್ಷಿತಾಯಿ ಸಾನೆ ಅವರ ಹೆಸರಲ್ಲಿ ಅಲ್ಲೇ ಇನ್ನೊಂದು ವಸಾಹತು ಆಯಿತು. ಆಮೇಲೆ ರೇ ನಗರ ಅಂತ 30,000 ಮನಿಗಳ ಯೋಜನೆ. ಬೀಡಿಯವರ ಜೊತೆಗೆ ಮಗ್ಗದವರು, ಕಾಗದ-ಚಿಂದಿ ಆರಿಸುವವರು, ಗಾಡಿ ಹೊಡೆಯುವವರು, ಕಾಯಿಪಲ್ಲೆ ಮಾರುವವರು ಇದರಲ್ಲಿ ಸೇರಿದರು. ಪ್ರಧಾನಮಂತ್ರಿ ಆವಾಸ ಯೋಜನೆಯಡಿ 2019ರ ಜನವರಿಯಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅಡಿಗಲ್ಲು ಹಾಕಿದರು. 2024ರ ಜನವರಿ 19ಕ್ಕೆ ಅವರೇ ಬಂದು ಮೊದಲ 15,000 ಮನಿಗಳನ್ನು ಕೊಟ್ಟರು. ಒಂದೊಂದು ಪಕ್ಷದ ಸರಕಾರ ಒಂದೊಂದು ಸಲ ಬಂದು ಕೀಲಿ ಕೊಟ್ಟಿತು. ಕೀಲಿ ಕೇಳಿದವರು ಮಾತ್ರ ಎರಡೂ ಸಲ ದುಡಿಯುವ ಮಂದಿಯೇ.

ಈಗ ನಮ್ಮ ಹಳ್ಳಿಗಳ ಮಾತಿಗೆ ಬರುತ್ತೇನೆ. 1985ರಲ್ಲಿ ಇಂದಿರಾ ಆವಾಸ ಯೋಜನೆ ಬಂತು. ಘರಕುಲ ಹೆಂಗಸಿನ ಹೆಸರಲ್ಲಿ ಅಥವಾ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿ ಕೊಡಬೇಕು ಅನ್ನೋ ನೇಮ ಇತ್ತು. 2016ರಲ್ಲಿ ಅದೇ ಪ್ರಧಾನಮಂತ್ರಿ ಆವಾಸ ಯೋಜನೆ ಗ್ರಾಮೀಣ ಅಂತ ಆಯಿತು. ಕಡಿಮೆ ಅಂದರೆ 25 ಚೌರಸ ಮೀಟರಿನ ಮನಿ, ನಮ್ಮಂಥ ಬಯಲು ಸೀಮೆಗೆ 1,20,000 ರೂಪಾಯಿ. ಯಾದಿ ಮಾಡಿದ್ದು 2011ರ ಸಾಮಾಜಿಕ-ಆರ್ಥಿಕ ಗಣತಿಯಿಂದ. ಇಲ್ಲೇ ನಮ್ಮ ಅತ್ತಿಯಂಥವರು ಜಾರಿ ಹೋಗುತ್ತಾರೆ. ಗಣತಿಯವರು ಬಂದಾಗ ಆಕಿ ಅಣ್ಣನ ಮನ್ಯಾಗ ಇರುತ್ತಾಳೆ, ಅಣ್ಣನ ಕುಟುಂಬ ಅಂತ ಬರೆಸುತ್ತಾರೆ. ಅಣ್ಣನಿಗೆ ಪಕ್ಕಾ ಮನಿ ಇದ್ದರೆ ಆಕಿಗೂ ಇದ್ದಂತೆ. ಮಂಜೂರು ಆದರೂ ಕಟ್ಟಲು ಜಾಗ ಬೇಕು, ಜಾಗ ಅಣ್ಣತಮ್ಮರ ಹೆಸರಲ್ಲಿ. ಜಾಗ ಕೊಳ್ಳಲು ಸಹಾಯ ಕೊಡುವ ಪಂಡಿತ ದೀನದಯಾಳ ಉಪಾಧ್ಯಾಯ ಯೋಜನೆ ನಮ್ಮ ರಾಜ್ಯದಾಗ ಇದೆ. ಆದರೆ ಅದೂ ಮೊದಲು ಯಾದಿಯಲ್ಲಿ ಹೆಸರು ಬಂದವರಿಗೆ.

ಇದನ್ನು ಬಹಳ ಮೊದಲೇ ಗುರುತಿಸಿದವರು ಜತ್ತ ತಾಲೂಕು ಇರುವ ಸಾಂಗಲಿ ಜಿಲ್ಲೆಯ ಹೆಂಗಸರು. 1980ರ ನಂತರದ ವರ್ಷಗಳಲ್ಲಿ ಇಂದುತಾಯಿ ಪಾಟಣಕರರ ಸಂಗಡ ಪರಿತ್ಯಕ್ತಾ ಹೆಣ್ಣುಮಕ್ಕಳು ಕೂಡಿ, ನಮಗೆ ಬೇರೆ ರೇಶನ್ ಕಾರ್ಡು ಕೊಡಿ, ಮನಿಗೆ ಜಾಗ ಕೊಡಿ ಅಂತ ಹೋರಾಡಿದರು. ರೇಶನ್ ಕಾರ್ಡು ಯಾಕೆ ಅಂದರೆ, ಬೇರೆ ಕಾರ್ಡು ಇದ್ದರೆ ಬೇರೆ ಕುಟುಂಬ. ಬೇರೆ ಕುಟುಂಬ ಆದರೆ ಯಾದಿಯಲ್ಲಿ ಹೆಸರು ಬರಲು ದಾರಿ. ನಮ್ಮ ಒಕ್ಕಲಿಗರ ಶೇತಕರಿ ಸಂಘಟನೆಯೂ 1986ರಲ್ಲಿ ಚಾಂದವಡದಲ್ಲಿ ಹೆಂಗಸರ ದೊಡ್ಡ ಅಧಿವೇಶನ ಮಾಡಿತು. ಆಮೇಲೆ ಶರದ ಜೋಶಿಯವರು ಲಕ್ಷ್ಮೀ ಮುಕ್ತಿ ಅಂತ ಕಾರ್ಯಕ್ರಮ ಹಾಕಿ, ಒಕ್ಕಲಿಗರು ಹೊಲದಾಗಿನ ಒಂದು ಪಾಲು ಹೆಂಡತಿಯ ಹೆಸರಿಗೆ ಮಾಡಬೇಕು ಅಂದರು. ಕೆಲವು ಊರಾಗ ಮಾಡಿದರು. ನಮ್ಮೂರಾಗ ನಾವು ಭಾಷಣ ಕೇಳಿ, ಚಪ್ಪಾಳಿ ಹೊಡೆದು, ಮನಿಗೆ ಬಂದಿವಿ.

2005ರಲ್ಲಿ ಎರಡು ದೊಡ್ಡ ಕಾಯಿದೆಗಳಾದವು. ವಾರಸಾ ಕಾಯಿದೆಯ ತಿದ್ದುಪಡಿ ಆ ವರ್ಷ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಮಗನಷ್ಟೇ ಹಕ್ಕು ಮಗಳಿಗೂ. ಆ 23ನೆಯ ಕಲಮು ತೆಗೆದು ಹಾಕಿದರು. ಇನ್ನೊಂದು ಕೌಟುಂಬಿಕ ಹಿಂಸೆ ತಡೆಯುವ ಕಾಯಿದೆ. ಗಂಡನ ಮನಿಯಿಂದ ಹೆಂಗಸನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ, ಮನಿ ಆಕಿ ಹೆಸರಲ್ಲಿ ಇಲ್ಲದಿದ್ದರೂ ವಾಸದ ಹಕ್ಕು ಇದೆ ಅಂತ ಅದು ಹೇಳುತ್ತದೆ. ತಕ್ಷಣ ಆಸರೆ ಬೇಕಾದರೆ 181 ನಂಬರಿಗೆ ಫೋನ್ ಮಾಡಬಹುದು.

ಕಾಯಿದೆ ಬಂದಿತ್ತು. ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

2009ರಲ್ಲಿ ನಮ್ಮ ಅಪ್ಪ ತೀರಿಕೊಂಡ. ಸಾತಬಾರಾದಾಗ ವಾರಸಾ ಹಚ್ಚುವಾಗ ನನ್ನ ಅಕ್ಕನ ಹೆಸರೂ ಬಂತು. ಊರ ಪದ್ಧತಿಯಂತೆ ನಾನು ಹಕ್ಕಸೋಡ ಪತ್ರ ಮಾಡಿಸಿದೆ. ತಾಲೂಕಿಗೆ ಕರಕೊಂಡು ಹೋದೆ. ಅಕ್ಕ ಕೇಳಲೂ ಇಲ್ಲ, ಹೆಬ್ಬಟ್ಟು ಒತ್ತಿದಳು. ಮನಿಗೆ ಬಂದು ಹೋಳಿಗೆ ಊಟ ಮಾಡಿಸಿ, ಒಂದು ಸೀರಿ ಉಡಿಸಿ ಕಳಿಸಿದೆ. ಪದದಾಗ ಇದ್ದ ಹಾಗೇ ಆಯಿತು, ಸೀರಿ, ಕುಪ್ಪಸ, ಹರಕೆ. ಅವತ್ತು ನನಗೆ ಏನೂ ತಪ್ಪು ಅನ್ನಿಸಲಿಲ್ಲ. ಕಾಕುವಿನ ಹೊಸ್ತಿಲು ನೋಡಿ ಬಂದು ಆಗ ಎರಡು ವರ್ಷ ಆಗಿತ್ತು. ನೋಡಿದ್ದರೂ ಬುದ್ಧಿ ಬರಲಿಲ್ಲ.

ಆಮೇಲೆ ಭಾವ ತೀರಿಕೊಂಡ. ಅಲ್ಲಿಯ ಮಂದಿ ಅಕ್ಕನನ್ನು ಇಟ್ಟುಕೊಳ್ಳಲಿಲ್ಲ. ಈಗ ನಾಲ್ಕು ವರ್ಷದಿಂದ ನಮ್ಮ ಮನ್ಯಾಗ ಇದ್ದಾಳೆ, ಪಡಸಾಲ್ಯಾಗ ಮಲಗುತ್ತಾಳೆ. ಊಟಕ್ಕೆ ಕಡಿಮೆ ಮಾಡಿಲ್ಲ. ಹೋದ ವರ್ಷ ಬಾಯಿಯವರು ಆ ಪ್ರಶ್ನೆ ಕೇಳಿದ ರಾತ್ರಿ ನಾನು ನೀರಿಗೆ ಎದ್ದಾಗ ಆಕಿ ಹಾಸಿಗಿ ಗ್ವಾಡಿ ಕಡಿ ಸರಿಸಿಕೊಂಡಳು, ನನ್ನ ದಾರಿಗೆ ಅಡ್ಡ ಆಗಬಾರದು ಅಂತ. ಆಕಿ ಹುಟ್ಟಿದ ಮನಿ ಅದು. ನಾನು ಹುಟ್ಟುವ ಐದು ವರ್ಷ ಮೊದಲಿನಿಂದ ಆಕಿ ಆ ಮನ್ಯಾಗ ಇದ್ದಳು.

ನಮ್ಮ ಹಳೇ ಮನಿಯ ಬಡಗಣ ದಿಕ್ಕಿನ ಎರಡು ಖೋಲಿ, ಮುಂದಿನ ಅಂಗಳ ಅಕ್ಕನ ಹೆಸರಿಗೆ ಬಕ್ಷೀಸ ಪತ್ರ ಮಾಡಿಸಬೇಕು, ಪಂಚಾಯತಿಯ ಮನಿ ಉತಾರದಾಗ ಆಕಿ ಹೆಸರು ಬರಬೇಕು ಅಂತ ನಾನು ಠರಾವು ಮಾಡಿದ್ದೇನೆ. ಮನ್ಯಾಗ ಇನ್ನೂ ಎಲ್ಲರೂ ಒಪ್ಪಿಲ್ಲ. ಆಕಿ ಮುಂದೆ ಅದು ಯಾರಿಗೆ ಹೋಗುತ್ತದೆ ಅಂತ ಮಗ ಕೇಳುತ್ತಾನೆ. ಆಕಿ ಮನಸ್ಸಿಗೆ ಬಂದವರಿಗೆ ಹೋಗುತ್ತದೆ ಅಂದೆ. ಅಕ್ಕನೂ ಬ್ಯಾಡ ಅನ್ನುತ್ತಾಳೆ, ಜಗಳ ಆಗುತ್ತದ ಅನ್ನುತ್ತಾಳೆ. ದಿನಾ ಒಂದು ಮಾತು ನಡದೇ ಅದ.

ನಮ್ಮ ಊರಿನವರು, ಶಾಲೆಯ ಗುರುಗಳು ಈ ಪುಸ್ತಕ ಓದುತ್ತೀರಿ. ಗುರುಗಳಿಗೆ ನನ್ನ ವಿನಂತಿ ಒಂದೇ. ಏಳನೆಯ ಇಯತ್ತೆಯ ಹೆಣ್ಣುಮಕ್ಕಳಿಗೆ ಸಾತಬಾರಾ ಓದಲು, ಮನಿ ಉತಾರ ಓದಲು ಕಲಿಸಿರಿ. ಸಹಿ ಮಾಡುವ ಮೊದಲು ಕಾಗದದಾಗ ಏನು ಬರೆದದ ಅಂತ ಕೇಳಲು ಕಲಿಸಿರಿ. ಗಂಡುಮಕ್ಕಳಿಗೂ ಅದನ್ನೇ ಕಲಿಸಿರಿ.

ಉಳಿದವರಿಗೆ ಹೇಳೋದು ಇಷ್ಟು. ನಾನು ಇದನ್ನು ಬರೆದು ಅಚ್ಚಿಗೆ ಕೊಟ್ಟಿದ್ದು, ಅಚ್ಚಾದ ಮೇಲೆ ಹಿಂದ ಸರಿಯಲು ಬರೋದಿಲ್ಲ ಅಂತ. ಮುಂದಿನ ಪಂಚಮಿಗೆ ಹಾಡಲು ಬಂದಾಗ ನೀವು ನನ್ನನ್ನು ಕೇಳಬೇಕು: ಅಕ್ಕನ ಹೆಸರಿನ ಉತಾರ ಬಂತೇನು? ಬಂದಿದ್ದರೆ ಅದನ್ನು ತಂದು ತೋರಿಸಿ, ಆಮೇಲೆ ತವರಮನಿಯ ಪದ ಹಾಡುತ್ತೇನೆ. ಬಂದಿರದಿದ್ದರೆ ನನ್ನ ಕೈಯಿಂದ ತಾಳ ಇಸಗೊಳ್ಳಿರಿ.